ಕೊಪ್ಪಲಿನ ಕೆರೆಗೆ ನೈದಿಲೆ ಮರಳಿದ್ದು

ಕಾಳೇನಕೊಪ್ಪಲಿನ ಕೆರೆಯಲ್ಲಿ ನೈದಿಲೆ ಯಾವ ಕಾಲದಿಂದ ಇತ್ತೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ಬಸ್ಸು ಕೆರೆಯ ಏರಿಯ ಮೇಲೇ ಹಾಯುತ್ತಿತ್ತು. ಬೆಳಗಿನ ಒಂಬತ್ತರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ನೀರು ಕಾಣುತ್ತಿದ್ದುದೇ ಕಡಿಮೆ. ಒಂದಕ್ಕೊಂದು ಒತ್ತಿಕೊಂಡ ದುಂಡನೆಯ ಎಲೆಗಳು, ಅವುಗಳ ನಡುವೆ ಗೇಣುದ್ದ ಮೇಲೆದ್ದು ಅರಳಿದ ತಿಳಿನೀಲಿ ಹೂಗಳು. ಸಂಜೆ ಅದೇ ಬಸ್ಸು ವಾಪಸು ಬರುವಷ್ಟರಲ್ಲಿ ಹೂಗಳೆಲ್ಲ ಮುಚ್ಚಿಕೊಂಡಿರುತ್ತಿದ್ದವು.

ಕುಳ್ಳಯ್ಯ ಆ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಐವತ್ತೆಂಟು ವರ್ಷದ ಕುಳ್ಳಯ್ಯನಿಗೆ ಕೆರೆಯಲ್ಲಿ ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳು ಆಳ ಎನ್ನುವುದು ಕಣ್ಣುಮುಚ್ಚಿ ಹೇಳುವಷ್ಟು ಗೊತ್ತು. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಬೆಳಗ್ಗೆ ನೈದಿಲೆ ಹೂ ಬಿಡಿಸಿ ಊರಿನ ನಾಲ್ಕಾರು ಮನೆಗಳ ಪೂಜೆಗೆ ಕೊಡುತ್ತಿದ್ದಳು. ಬೇಸಿಗೆಯಲ್ಲಿ ಅಂಚಿನ ನೀರು ಇಳಿದಾಗ ಕೆಸರು ಕೆದಕಿ ಗೆಡ್ಡೆ ತೆಗೆದು ಬೇಯಿಸುತ್ತಿದ್ದಳು.

ತೊಂಬತ್ತೈದರ ಫೆಬ್ರವರಿಯಲ್ಲಿ ಆ ನೈದಿಲೆಯನ್ನು ಬುಡಸಮೇತ ಕಿತ್ತುಹಾಕುವುದೆಂದು ಊರಿನವರು ತೀರ್ಮಾನಿಸಿದರು. ಅದರ ಹಿಂದೆ ಇದ್ದವನು ನಿಂಗರಾಜು. ಹೊಸದಾಗಿ ಪಂಚಾಯ್ತಿ ಮೆಂಬರಾಗಿದ್ದ, ಮೂವತ್ತೈದರ ಹುರುಪಿನ ಮನುಷ್ಯ. ಕೆಟ್ಟವನಲ್ಲ, ಅವಸರದವನು. ಒಮ್ಮೆ ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಬೆಂಚಿನವನೊಬ್ಬ ಮೀನು ಸಾಕಣೆಯ ಮಾತು ತೆಗೆದಿದ್ದ. ಎಲೆಬಳ್ಳಿ ತುಂಬಿದ ಕೆರೆಯಲ್ಲಿ ಬಲೆ ಆಡುವುದಿಲ್ಲ, ಮೀನೂ ಬೆಳೆಯುವುದಿಲ್ಲ ಎಂದಿದ್ದ. ಬರುವ ದಾರಿಯಲ್ಲಿ ನಿಂಗರಾಜು ಎಲೆಬಳ್ಳಿಯಿಲ್ಲದೆ ಕನ್ನಡಿಯ ಹಾಗೆ ಹೊಳೆಯುವ ಕೆರೆಯೊಂದನ್ನು ನೋಡಿ, ನಮ್ಮೂರ ಕೆರೆಯೂ ಹೀಗೇ ಆಗಬೇಕೆಂದುಕೊಂಡ. ಮಾರನೆಯ ಬೆಳಗ್ಗೆ ಡೈರಿಗೆ ಹಾಲು ತಂದವರನ್ನೆಲ್ಲ ಅಲ್ಲೇ ನಿಲ್ಲಿಸಿಕೊಂಡು ವಿಷಯ ಹೇಳಿದ. ಕೆರೆಯ ಮೀನಿನಿಂದ ಊರಿನ ಶಾಲೆಗೆ ಎರಡು ಕೋಣೆ ಕಟ್ಟಿಸಬಹುದು ಎಂದ. ಬೇಡವೆನ್ನಲು ಯಾರಿಗೂ ಕಾರಣವಿರಲಿಲ್ಲ.

ಗುಂಪಿನ ಅಂಚಿನಲ್ಲಿ ನಿಂತಿದ್ದ ಕುಳ್ಳಯ್ಯ ಮಾತ್ರ, ಅದು ಇದ್ದ ಹಾಗೆ ಇರಲಿ ಎಂದ. ಯಾಕೆ ಎಂದು ನಿಂಗರಾಜು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ. ಕುಳ್ಳಯ್ಯ ಯೋಚಿಸಿದ. ಒಂದು ಕಾರಣವೂ ಬಾಯಿಗೆ ಬರಲಿಲ್ಲ. ಕೊನೆಗೆ ತಲೆ ಕೆರೆದುಕೊಂಡು, ಗೊತ್ತಿಲ್ಲ ಎಂದ. ಕೆಲವರು ನಕ್ಕರು. ಕೆರೆಯ ಆಳ ಬಲ್ಲವನು ಅವನೊಬ್ಬನೇ ಆದ್ದರಿಂದ ಕೆಲಸದ ಮುಂದಾಳತ್ವವೂ ಅವನ ಹೆಗಲಿಗೇ ಬಿತ್ತು.

ಒಂಬತ್ತು ದಿನ ಹದಿನಾಲ್ಕು ಜನ ದುಡಿದರು. ಶ್ರೀರಂಗಪಟ್ಟಣದಿಂದ ಒಂದು ಹರಿಗೋಲು ಬಂತು. ಅಂಚಿನ ಕೆಸರಿನಲ್ಲಿ ಗುದ್ದಲಿ ಹಾಕಿ ಗೆಡ್ಡೆಸಮೇತ ಅಗೆದರು. ಆಳದಲ್ಲಿ ಹರಿಗೋಲಿನ ಮೇಲಿಂದ ಬಿದಿರುಕೋಲಿಗೆ ಕುಡುಗೋಲು ಕಟ್ಟಿ ದಂಟು ಕತ್ತರಿಸಿ ಎಳೆದರು. ಕುಳ್ಳಯ್ಯ ಕೆಲಸಗಳ್ಳನಲ್ಲ. ಒಪ್ಪಿಕೊಂಡ ಮೇಲೆ ಎಲ್ಲರಿಗಿಂತ ಹೆಚ್ಚು ಕಿತ್ತವನು ಅವನೇ. ಕಿತ್ತ ಎಲೆ, ಹೂ, ದಂಟು ಏರಿಯ ಮೇಲೆ ಆಳೆತ್ತರ ಗುಡ್ಡೆ ಬಿದ್ದವು. ಎಲೆಗಳ ಮೇಲೇ ನಡೆದಾಡಿಕೊಂಡು ಇರುತ್ತಿದ್ದ ಉದ್ದ ಬೆರಳಿನ ದೇವನಕ್ಕಿಗಳು ಎರಡು ದಿನ ಆ ಗುಡ್ಡೆಯ ಮೇಲೆ ಓಡಾಡಿ, ಮೂರನೆಯ ದಿನ ಕಾಣಿಸಲಿಲ್ಲ. ಪುಟ್ಟಲಕ್ಷ್ಮಮ್ಮ ಗಂಡನಿಗೆ ಊಟಕ್ಕೆ ಇಟ್ಟಳು, ನೀರು ಕೊಟ್ಟಳು, ಮಾತು ಮಾತ್ರ ಆಡಲಿಲ್ಲ.

ಮೊದಲ ತಿಂಗಳು ಎಲ್ಲರಿಗೂ ಸಂತೋಷವೇ. ಕೆರೆಯ ತುಂಬ ಆಕಾಶ ಕಾಣುತ್ತಿತ್ತು. ನಿಂಗರಾಜು ಕ್ಯಾನುಗಳಲ್ಲಿ ಮರಿಮೀನು ತರಿಸಿ ಬಿಟ್ಟ. ತೂಬಿನ ಮೇಲೆ ಕೂತು ಬೀಡಿ ಸೇದುತ್ತ ಕುಳ್ಳಯ್ಯನಿಗೂ ಒಮ್ಮೊಮ್ಮೆ ಕೆರೆ ಚೆನ್ನಾಗಿದೆ ಅನ್ನಿಸುತ್ತಿತ್ತು.

ಯುಗಾದಿ ಕಳೆದ ಮೇಲೆ ನೀರಿಗೆ ತಿಳಿಹಸಿರು ಬಣ್ಣ ಬಂತು. ಏಪ್ರಿಲ್ ಮುಗಿಯುವಷ್ಟರಲ್ಲಿ ಯಾರೋ ಬಣ್ಣದ ಡಬ್ಬ ಸುರಿದ ಹಾಗೆ ಗಟ್ಟಿ ಹಸಿರಾಯಿತು. ಕೈ ಅದ್ದಿದರೆ ಅಂಗೈಗೆ ಲೋಳೆ ಅಂಟುತ್ತಿತ್ತು. ಕೆರೆಗಿಳಿದ ಮಕ್ಕಳಿಗೆ ಮೈ ಕಡಿತ ಹತ್ತಿತು. ಮೇ ತಿಂಗಳ ಒಂದು ಬೆಳಗಿನ ಜಾವ ಕುಳ್ಳಯ್ಯ ತೂಬಿನ ಬಳಿ ಹೋದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಬಿಸಿಲೇರುವಷ್ಟರಲ್ಲಿ ಅಂಚಿನುದ್ದಕ್ಕೂ ಬೆಳ್ಳನೆಯ ಹೊಟ್ಟೆಗಳು ತೇಲಿದವು. ಎರಡು ದಿನ ಊರಿನೊಳಗೆ ಮೂಗು ಬಿಡಲಾಗದಂಥ ನಾತ.

ಅದೇ ವಾರ ನಿಂಗರಾಜುವಿನ ಮನೆಯ ಸೀಮೆಹಸು ಕೆರೆಯ ನೀರು ಕುಡಿದು ಬಂದು ಕೊಟ್ಟಿಗೆಯಲ್ಲಿ ಕುಸಿಯಿತು. ಜೊಲ್ಲು ಸುರಿಸುತ್ತ ಕಾಲು ನಡುಗಿಸುತ್ತಿತ್ತು. ಪೇಟೆಯಿಂದ ಬಂದ ದನದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಬೆಳಗಾಗುವವರೆಗೆ ನೋಡಬೇಕು ಎಂದು ಹೇಳಿ ಹೋದರು. ಮಾರನೆಯ ಬೆಳಗ್ಗೆ ಹಸು ತಾನೇ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ನಿಂಗರಾಜು ಅದರ ಕತ್ತಿಗೆ ಹಣೆ ಆನಿಸಿಕೊಂಡು ಬಹಳ ಹೊತ್ತು ನಿಂತಿದ್ದನ್ನು ಅವನ ಹೆಂಡತಿ ಪ್ರಮೀಳಾ ನೋಡಿದಳು.

ಪ್ರಮೀಳಾ ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ. ಆದರೂ ಒಂದು ಗಾಜಿನ ಬಾಟಲಿಯಲ್ಲಿ ಕೆರೆಯ ನೀರು ತುಂಬಿಕೊಂಡು ಬಸ್ಸು ಹತ್ತಿದಳು. ಶಾಲೆಯ ಬೀಗ ತೆಗೆಸಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಹನಿ ನೋಡಿದಳು. ಸಂಜೆ ಬಂದವಳು ಗಂಡನನ್ನು ಜಗಲಿಯ ಮೇಲೆ ಕೂರಿಸಿ, ಕುಳ್ಳಯ್ಯನಿಗೂ ಹೇಳಿ ಕಳಿಸಿದಳು.

"ಎಲೆ ಇದ್ದಾಗ ಬಿಸ್ಲು ನೀರೊಳಕ್ಕೆ ಇಳೀತಿರಲಿಲ್ಲ," ಎಂದಳು. "ಮೇಲ್ಗಡೆ ಕಬ್ಬಿನ ಗದ್ದೆಯಿಂದ ಕೊಚ್ಚಿಕೊಂಡು ಬರೋ ಗೊಬ್ಬರನೆಲ್ಲ ನೈದಿಲೆನೇ ಕುಡೀತಿತ್ತು. ಈಗ ಬಿಸ್ಲೂ ಪಾಚಿಗೆ, ಗೊಬ್ಬರನೂ ಪಾಚಿಗೆ. ರಾತ್ರಿ ಆದ್ರೆ ನೀರಲ್ಲಿರೋ ಗಾಳಿನೆಲ್ಲ ಆ ಪಾಚಿನೇ ಎಳ್ಕೊಳ್ತದೆ. ಮೀನಿಗೆ ಉಸಿರಿಲ್ಲ."

ಮರಿಮೀನುಗಳು ಕೊಕ್ಕರೆಯ ಕಣ್ಣಿಗೆ ಬೀಳದೆ ಬದುಕುತ್ತಿದ್ದದ್ದೂ ಆ ಎಲೆಗಳ ಅಡಿಯಲ್ಲೇ, ಜೇನುನೊಣಗಳು ಬೆಳಗ್ಗೆ ಮೊದಲು ಬರುತ್ತಿದ್ದದ್ದೂ ಆ ಹೂಗಳಿಗೇ ಎಂದು ವಿವರಿಸಿದಳು. ಕುಳ್ಳಯ್ಯ ಕಂಬಕ್ಕೆ ಒರಗಿ ಕೇಳುತ್ತಿದ್ದ. ಡೈರಿಯ ಮುಂದೆ ತನಗೆ ಹೊಳೆಯದಿದ್ದ ಕಾರಣ ಇದೇ. ಅವಳು ಹೇಳಿದ್ದರಲ್ಲಿ ಅವನು ಕಣ್ಣಾರೆ ಕಾಣದಿದ್ದದ್ದು ಒಂದೂ ಇರಲಿಲ್ಲ. ಮಾತಾಗಿ ಜೋಡಿಸಿಕೊಳ್ಳಲು ಮಾತ್ರ ಆಗಿರಲಿಲ್ಲ. ಕಿತ್ತ ಕೈ ತನ್ನದೇ.

ನಿಂಗರಾಜು ಮಾರನೆಯ ದಿನವೇ ಸರಿಮಾಡಲು ಹೊರಟ. ಗಿಡ ಬೇಕು ತಾನೆ, ತಂದರಾಯಿತು ಎಂದು ಟ್ರಾಕ್ಟರು ಕಟ್ಟಿಸಿಕೊಂಡು ಹೋದವನು ಮಧ್ಯಾಹ್ನದ ಹೊತ್ತಿಗೆ ಟ್ರೈಲರ್ ತುಂಬ ಹಸಿರು ಹೇರಿಕೊಂಡು ಬಂದ. ಉಬ್ಬಿದ ದಂಟು, ಹೊಳೆಯುವ ಎಲೆ, ಗೊಂಚಲು ಗೊಂಚಲು ಊದಾ ಹೂವು. ಜನ ಅದನ್ನು ಅಂತರಗಂಗೆ ಅನ್ನುತ್ತಿದ್ದರು. ನೋಡಲು ನೈದಿಲೆಗಿಂತ ಅಂದವಾಗಿಯೇ ಇತ್ತು. ಟ್ರಾಕ್ಟರು ಏರಿಯಿಂದ ಕೆರೆಯ ಅಂಗಳಕ್ಕೆ ಇಳಿಯುವಷ್ಟರಲ್ಲಿ ಕುಳ್ಳಯ್ಯ ಓಡಿಬಂದು ಅಡ್ಡ ನಿಂತ.

"ಇದ್ನ ಮಾತ್ರ ಬುಡಬ್ಯಾಡಿ ಗೌಡ್ರೇ. ಈ ಸಲ ಯಾಕೆ ಅಂತ ಕೇಳಿ, ಯೋಳ್ತೀನಿ."

ನಿಂಗರಾಜು ಇಂಜಿನ್ ಆರಿಸಲು ಹೇಳಿದ. ಕುಳ್ಳಯ್ಯ ತನ್ನ ತಂಗಿಯ ಊರಿನ ಕತೆ ಹೇಳಿದ. ಅಲ್ಲಿ ಯಾರೋ ಹೂವಿನ ಆಸೆಗೆ ಇದರ ನಾಲ್ಕು ಗಿಡ ಬಿಟ್ಟಿದ್ದರು. ನೈದಿಲೆಗಾದರೆ ನೆಲದಲ್ಲಿ ಬೇರುಂಟು. ಇದು ತೇಲಿಕೊಂಡೇ ಮರಿ ಹಾಕುತ್ತದೆ. ಎರಡು ವರ್ಷದಲ್ಲಿ ಆ ಕೆರೆ ಚಾಪೆ ಹಾಸಿದಂತೆ ಮುಚ್ಚಿಹೋಗಿ, ಎಮ್ಮೆಗಳು ನೀರಿಗಿಳಿಯಲೂ ಜಾಗವಿರಲಿಲ್ಲ. ತೂಬಿನ ಬಾಯಿಗೆ ಕಟ್ಟಿಕೊಂಡು ಗದ್ದೆಗೆ ನೀರು ಹೋಗುವುದೂ ನಿಂತಿತ್ತು. ನಿಂಗರಾಜು ಟ್ರೈಲರಿನತ್ತ ನೋಡಿದ, ಕೆರೆಯತ್ತ ನೋಡಿದ. ಆಮೇಲೆ ಡ್ರೈವರಿಗೆ ಗಾಡಿ ತಿರುಗಿಸಲು ಹೇಳಿ, ಇಡೀ ಹೊರೆಯನ್ನು ದೂರದ ಬೀಳುಹೊಲದ ಬಂಡೆಯ ಮೇಲೆ ಸುರಿಸಿದ. ನಾಲ್ಕು ದಿನದ ಬಿಸಿಲಿಗೆ ಅದು ಸುಟ್ಟು ಕರಕಾಯಿತು. ಒಂದು ಕ್ಷಣ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದು ಇಬ್ಬರೂ ಎಷ್ಟೋ ಸಲ ನಿಟ್ಟುಸಿರು ಬಿಟ್ಟರು.

ನೈದಿಲೆಯನ್ನೇ ಹುಡುಕಿ ತರಬೇಕೆಂದು ಕುಳ್ಳಯ್ಯ ಹೊರಟ. ಕ್ಯಾತನಹಳ್ಳಿ ಕಡೆ ಹೋಗಿ ನೋಡಿದ. ಅವನು ಕಂಡ ಕಟ್ಟೆಗಳಲ್ಲಿ ನೀರಿನ ಅಂಚಿನವರೆಗೂ ಕಬ್ಬು ನಿಂತಿತ್ತು, ಹೂವಿರಲಿಲ್ಲ. ಕೆ.ಆರ್.ಎಸ್. ಹಿನ್ನೀರಿನ ಅಂಚಿಗೆ ಹೋದ. ಅಲ್ಲಿ ಅಲೆಯ ಹೊಡೆತಕ್ಕೆ ಎಲೆ ನಿಲ್ಲುವ ಹಾಗಿರಲಿಲ್ಲ. ಎರಡು ದಿನ ಅಲೆದು ಬರಿಗೈಯಲ್ಲಿ ಬಂದವನನ್ನು ನೋಡಿ ಪುಟ್ಟಲಕ್ಷ್ಮಮ್ಮ ತಾನಾಗಿ ಬಾಯಿ ಬಿಟ್ಟಳು. ಚಿಕ್ಕವಳಿದ್ದಾಗ ನಾಗಮಂಗಲದಾಚೆ ಬೆಳ್ಳೂರಿನ ಹತ್ತಿರ ಸೋದರತ್ತೆಯ ಊರಿನ ಕಟ್ಟೆಯಲ್ಲಿ ಇದೇ ನೀಲಿ ಹೂ ಕಿತ್ತದ್ದು ನೆನಪಿದೆ ಎಂದಳು. ಈಗಲೂ ಇದೆಯೋ ಇಲ್ಲವೋ ಗೊತ್ತಿಲ್ಲ. "ನಡಿ, ನಾನೂ ಬತ್ತೀನಿ," ಎಂದು ಸೀರೆಯ ಸೆರಗು ಸಿಕ್ಕಿಸಿದಳು.

ಬೆಳ್ಳೂರು ಕ್ರಾಸಿನಲ್ಲಿ ಇಳಿದು ಮೂರು ಮೈಲಿ ನಡೆದರು. ಸೋದರತ್ತೆಯ ಮನೆಯಲ್ಲಿ ಈಗ ಬೇರೆ ಯಾರೋ ಇದ್ದರು. ಕಟ್ಟೆ ಮಾತ್ರ ಅಲ್ಲೇ ಇತ್ತು, ಅಂಗಳದಷ್ಟೇ ಚಿಕ್ಕದು. ಬೆಳಗಿನ ಬಿಸಿಲಿನಲ್ಲಿ ಐವತ್ತು ಅರವತ್ತು ನೀಲಿ ಹೂ ಅರಳಿ ನಿಂತಿದ್ದವು. ಪುಟ್ಟಲಕ್ಷ್ಮಮ್ಮ ಅಲ್ಲೇ ದಡದಲ್ಲಿ ಕೂತುಬಿಟ್ಟಳು. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಮುದುಕಿಯೊಬ್ಬಳು ಇವರನ್ನು ನೋಡಿ ಹತ್ತಿರ ಬಂದಳು. ಹೆಸರು ಮಾದಮ್ಮ. ಆ ಕಟ್ಟೆಯ ಹೂ ಗೆಡ್ಡೆಗಳೆಲ್ಲ ಅವಳ ಉಸ್ತುವಾರಿಯಲ್ಲೇ ಇದ್ದವು. ಗೆಡ್ಡೆ ಬೇಕೆಂದು ಕೇಳಿದಾಗ, ನಿಮ್ಮೂರ ಕೆರೆಯದ್ದು ಏನಾಯಿತು ಎಂದು ವಿಚಾರಿಸಿದಳು.

ದಾರಿಯುದ್ದಕ್ಕೂ ಕುಳ್ಳಯ್ಯ ಒಂದು ಉತ್ತರ ಸಿದ್ಧಮಾಡಿಕೊಂಡಿದ್ದ. ರೋಗ ಬಂತು ಅನ್ನುವುದೆಂದು. ಬಾಯಿಗೆ ಬಂದದ್ದು ಬೇರೆ.

"ನಾನೇ ಕಿತ್ತಾಕ್ಬುಟ್ಟೆ ಕಣವ್ವ. ಈ ಕೈಲೇ."

ಮಾದಮ್ಮ ಅವನ ಕೈಯಿಂದ ಖಾಲಿ ಚೀಲ ಇಸಿದುಕೊಂಡಳು. "ಆಯ್ತು ಬುಡಪ್ಪ. ತಪ್ಪು ಅಂತ ಗೊತ್ತಾದೋನು ಇನ್ನೊಂದ್ಸಲ ಕೀಳಾಕಿಲ್ಲ," ಎಂದು ಸೀರೆ ಮೇಲೆತ್ತಿ ಕಟ್ಟಿ ನೀರಿಗಿಳಿದಳು. ಒಂದು ಕಡೆಯಿಂದ ಬಾಚಿಕೊಳ್ಳದೆ, ಇಲ್ಲೊಂದು ಅಲ್ಲೊಂದು ತೆಗೆಯಬೇಕೆಂದು ತೋರಿಸಿಕೊಟ್ಟಳು. ಪಾದದಿಂದ ಕೆಸರು ಸಡಿಲಿಸಿ ಗೆಡ್ಡೆಯನ್ನು ನೋಯಿಸದೆ ಎತ್ತುವುದನ್ನು ಕಲಿಸಿದಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎರಡು ಚೀಲ ತುಂಬಿದವು. ಮೂವರೂ ಮರದ ನೆರಳಲ್ಲಿ ಕೂತು ಪುಟ್ಟಲಕ್ಷ್ಮಮ್ಮ ತಂದಿದ್ದ ರೊಟ್ಟಿ ಚಟ್ನಿ ತಿಂದರು. ಎಷ್ಟೋ ದಿನಗಳ ಮೇಲೆ ಅವತ್ತು ತನಗೆ ಊಟ ರುಚಿಸಿತು ಎಂದು ಕುಳ್ಳಯ್ಯ ಆಮೇಲೆ ಹೇಳುತ್ತಿದ್ದ.

ವಾಪಸು ಬರುವಾಗ ಬಸ್ಸಿನ ಕಂಡಕ್ಟರು ಸೋರುವ ಚೀಲಗಳನ್ನು ಒಳಗೆ ಹತ್ತಿಸಲಿಲ್ಲ. ಮೇಲೆ ಹಾಕಿದರೆ ಬಿಸಿಲಿಗೆ ಒಣಗುತ್ತದೆ ಎಂದು ಕುಳ್ಳಯ್ಯ ಕೈಮುಗಿದು ಕೇಳಿದ, ಪ್ರಯೋಜನವಾಗಲಿಲ್ಲ. ಪುಟ್ಟಲಕ್ಷ್ಮಮ್ಮ ತನ್ನ ಬದಲಿ ಸೀರೆಯನ್ನು ಹೋಟೆಲಿನ ತೊಟ್ಟಿಯಲ್ಲಿ ಅದ್ದಿ ಚೀಲಗಳಿಗೆ ಸುತ್ತಿಕೊಟ್ಟಳು. ಬಸ್ಸು ನಿಂತಲ್ಲೆಲ್ಲ ಕುಳ್ಳಯ್ಯ ಟಾಪಿಗೆ ಹತ್ತಿ ಒಂದು ಚೊಂಬು ನೀರು ಚಿಮುಕಿಸಿ ಇಳಿಯುತ್ತಿದ್ದ. ನಾಲ್ಕನೆಯ ಸಲ ಕಂಡಕ್ಟರೇ ತನ್ನ ಬಾಟಲಿಯ ನೀರನ್ನು ಅವನ ಕೈಗೆ ಕೊಟ್ಟ.

ಗೆಡ್ಡೆಗಳನ್ನು ಬಿದಿರುಬುಟ್ಟಿಗಳಲ್ಲಿ ಕೆಸರು ತುಂಬಿ ನೆಟ್ಟು, ಮೇಲೆ ಕಲ್ಲು ಹೇರಿ ಮೊಣಕಾಲುದ್ದದ ನೀರಿನಲ್ಲಿ ಇಳಿಬಿಟ್ಟರು. ಎಮ್ಮೆ ತುಳಿಯದಂತೆ ನಿಂಗರಾಜು ತಾನೇ ನಿಂತು ಮುಳ್ಳುಬೇಲಿ ಹಾಕಿಸಿದ. ಹತ್ತು ದಿನಕ್ಕೆ ಒಂದಷ್ಟು ಎಲೆ ಕಂಡವು. ಮತ್ತೆ ಹತ್ತು ದಿನಕ್ಕೆ ಅವು ಹಳದಿಯಾಗಿ ಕೊಳೆತವು. ನೀರಿನ ಹಸಿರು ಅಷ್ಟು ದಪ್ಪವಿತ್ತು. ಪ್ರಮೀಳಾ ಧೈರ್ಯ ಹೇಳಿದಳಾದರೂ ಅವಳ ದನಿಯಲ್ಲೇ ಧೈರ್ಯವಿರಲಿಲ್ಲ. ಊರಿನ ಹೆಂಗಸರು ಬಟ್ಟೆ ತೊಳೆಯಲೂ ಬೋರ್‌ವೆಲ್ ಪಂಪಿನ ಮುಂದೆ ಸಾಲು ನಿಲ್ಲುತ್ತಿದ್ದರು. ಸಾಲಿನಲ್ಲಿ ಯಾರೂ ಕುಳ್ಳಯ್ಯನನ್ನು ಬೈಯುತ್ತಿರಲಿಲ್ಲ, ಅವನ ಹೆಂಡತಿ ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ.

ಆಷಾಢದಲ್ಲಿ ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿದು, ಮೇಲಿನ ಕೆರೆ ತುಂಬಿ ಅದರ ನೀರು ಇಲ್ಲಿಗೆ ನುಗ್ಗಿತು. ಆರನೆಯ ದಿನ ಕೋಡಿ ಬಿತ್ತು. ಹೆಚ್ಚಾದ ನೀರೆಲ್ಲ ಕೋಡಿಯ ಕಲ್ಲುಗಳ ಮೇಲೆ ಹರಿದು ಹಳ್ಳ ಸೇರುವಾಗ ಹಸಿರು ಲೋಳೆಯನ್ನೂ ಕೊಚ್ಚಿಕೊಂಡು ಹೋಯಿತು. ಅಂಚಿನ ಬುಟ್ಟಿಗಳೂ ಕೊಚ್ಚಿಹೋದವು. ಕೆಂಪು ಬಗ್ಗಡ ತಿಳಿಯಾಗಲು ಮತ್ತೆರಡು ವಾರ ಬೇಕಾಯಿತು. ಕುಳ್ಳಯ್ಯ ಆ ದಿನಗಳಲ್ಲಿ ಕೆರೆಯ ಕಡೆ ಮುಖ ಹಾಕಲಿಲ್ಲ.

ನಾಟಿಗೆ ನೀರು ಬಿಡಬೇಕಾಗಿ ಬಂದದ್ದರಿಂದ ಒಂದು ಬೆಳಗ್ಗೆ ತೂಬಿನ ಬಳಿ ಹೋಗಲೇಬೇಕಾಯಿತು. ತೂಬು ಎತ್ತಿ ತಲೆ ಎತ್ತಿದಾಗ ಕೆರೆಯ ನಡುವೆ ತಾಮ್ರದ ಬಣ್ಣದ ಚೂರುಗಳು ತೇಲುತ್ತಿರುವುದು ಕಂಡಿತು. ಮಳೆಗೆ ಬಂದ ಕಸ ಅಂದುಕೊಂಡ. ಕಸವಾದರೆ ಗಾಳಿಗೆ ಸರಿಯಬೇಕು. ಅವು ಸರಿಯಲಿಲ್ಲ. ಹರಿಗೋಲು ತಳ್ಳಿಕೊಂಡು ಹತ್ತಿರ ಹೋದ. ಅಂಗೈಯಗಲದ ಎಲೆಗಳು, ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಒಂದು, ಹತ್ತು, ಆಮೇಲೆ ಲೆಕ್ಕ ತಪ್ಪಿತು. ಒಂದರ ದಂಟು ಹಿಡಿದು ಮೆಲ್ಲಗೆ ಎಳೆದು ನೋಡಿದ. ಎರಡಾಳು ಆಳದ ಕೆಸರಿನಿಂದ ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಅಲ್ಲಿ ಅವನು ಒಂದು ಗೆಡ್ಡೆಯನ್ನೂ ನೆಟ್ಟಿರಲಿಲ್ಲ.

ಕೈ ಬಿಟ್ಟು ಹರಿಗೋಲಿನಲ್ಲಿ ಕೂತ. ಗದ್ದೆಯವರು ನೀರು ಸಾಕೆಂದು ಏರಿಯ ಮೇಲಿಂದ ಕೂಗುವವರೆಗೂ ಹಾಗೇ ಕೂತಿದ್ದ. ಮನೆಗೆ ಬಂದಾಗ ಪುಟ್ಟಲಕ್ಷ್ಮಮ್ಮ ಒಲೆಯ ಮುಂದೆ ಮುದ್ದೆ ಕೂಡಿಸುತ್ತಿದ್ದಳು.

"ಸತ್ತಿಲ್ಲ ಕಣಮ್ಮಿ," ಎಂದ.

"ಯಾವ್ದು?"

"ನಾ ಕಿತ್ತದ್ದು."

ಅವಳು ಮುದ್ದೆಯ ಕೋಲು ಬಿಟ್ಟು ಎದ್ದಳು. ಒಲೆಯ ಮೇಲಿನದು ತಳ ಹಿಡಿಯಿತು. ಇಬ್ಬರೂ ಏರಿಯ ಮೇಲೆ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಸುದ್ದಿ ಕೇಳಿ ನಿಂಗರಾಜು ಬಂದ, ಪೇಟೆಯ ಬಸ್ಸಿಗೆ ಹೊರಟಿದ್ದ ಪ್ರಮೀಳಾ ಬಸ್ಸು ಬಿಟ್ಟು ಬಂದಳು. ಆಳದಲ್ಲಿ ಕುಡುಗೋಲಿಗೆ ಸಿಕ್ಕಿದ್ದು ದಂಟು ಮಾತ್ರ, ಗೆಡ್ಡೆ ಕೆಸರಿನಲ್ಲೇ ಉಳಿದಿತ್ತು ಎಂದು ಅವಳು ಹೇಳಿದಳು. ಪಾಚಿಯ ಕತ್ತಲಲ್ಲಿ ಚಿಗುರಲಾರದೆ ಮಲಗಿತ್ತು, ಬೆಳಕು ತಗುಲಿದ್ದೇ ಎದ್ದಿತು. ಕುಳ್ಳಯ್ಯ ಅದನ್ನು ಅವಳಿಂದ ಎರಡು ಸಲ ಹೇಳಿಸಿ ಕೇಳಿದ. ನಿಂಗರಾಜು ಟವೆಲಿನಿಂದ ಮುಖ ಒರೆಸಿಕೊಂಡು, ಕುಳ್ಳಯ್ಯನ ಹೆಗಲ ಮೇಲೆ ಕೈಯಿಟ್ಟು ನಿಂತ.

ಗೌರಿಹಬ್ಬದ ಹೊತ್ತಿಗೆ ಕೆರೆಯ ಅರ್ಧ ಭಾಗ ಎಲೆ ಹರಡಿತು, ಮೊದಲ ಹೂಗಳು ಅರಳಿದವು. ಮುಂದಿನ ಬೇಸಿಗೆಯಲ್ಲಿ ನೀರು ಹಸಿರಾಗಲಿಲ್ಲ. ದನಗಳು ಮೂಗು ಮುಳುಗಿಸಿ ಕುಡಿದವು. ಆ ವರ್ಷದ ಮಳೆಗಾಲದಲ್ಲಿ ದೇವನಕ್ಕಿಯ ಜೋಡಿಯೊಂದು ಬಂದು ಎಲೆಯ ಮೇಲೆ ನಾಲ್ಕು ಮೊಟ್ಟೆ ಇಟ್ಟಿತು.

ಮೀನಿನ ಆಸೆಯನ್ನು ನಿಂಗರಾಜು ಪೂರ್ತಿ ಬಿಡಲಿಲ್ಲ. ಏರಿಯ ಪಕ್ಕದಲ್ಲಿ ಒಂದು ಪಟ್ಟಿ ಬಲೆಗೆ ತೆರವಿರಲಿ, ಉಳಿದದ್ದು ನೈದಿಲೆಗೆ ಎಂದು ಊರಿನವರು ಒಪ್ಪಿದರು. ಗಡಿ ಗುರುತು ಹಾಕುವ ದಿನ ನಿಂಗರಾಜು ಬಿದಿರುಕೋಲುಗಳ ಕಟ್ಟು ಹೊತ್ತು ತಂದು ಹರಿಗೋಲಿನಲ್ಲಿಟ್ಟ.

"ಎಲ್ಲೀಗಂಟ ನೆಡಾದು, ನೀನೇ ಯೋಳು ಕುಳ್ಳಯ್ಯ," ಎಂದ.

ಕುಳ್ಳಯ್ಯ ಅವಸರ ಮಾಡಲಿಲ್ಲ. ನೀರು ನೋಡಿದ, ಗಾಳಿ ಬರುವ ದಿಕ್ಕು ನೋಡಿದ, ಎಲೆಗಳ ಅಂಚು ನೋಡಿದ. ಆಮೇಲೆ ಮೊದಲ ಕೋಲನ್ನು ಎತ್ತಿಕೊಂಡು, ಕೆಸರು ಸಿಗುವವರೆಗೆ ನೀರಿನೊಳಕ್ಕೆ ಒತ್ತಿದ.